ಮಂಡಿನೋವು ಮುಕ್ತ ಗ್ರಾಮ

ಹೊಸಪಾಳ್ಯ ಗ್ರಾಮ ಪಂಚಾಯ್ತಿಯ ಬಿಲ್ ಕಲೆಕ್ಟರ್ ಚಿಕ್ಕಹನುಮಯ್ಯನವರು ಆ ಬುಧವಾರ ಬೆಳಿಗ್ಗೆ ಆರು ಗಂಟೆಗೆ ಕಕ್ಕಸಿಗೆ ಹೋಗಿ ಕೂತವರು ಆರೂ ಮುಕ್ಕಾಲಾದರೂ ಎದ್ದು ಬರಲಿಲ್ಲ. ಹೋದ ಕೆಲಸ ಐದೇ ನಿಮಿಷಕ್ಕೆ ಮುಗಿದಿತ್ತು. ಏಳುವ ಮನಸ್ಸೂ ಧಾರಾಳವಾಗಿತ್ತು. ಮಂಡಿಗಳು ಮಾತ್ರ ಒಪ್ಪಲಿಲ್ಲ. ಎಡಗೈಯನ್ನು ಗೋಡೆಗೆ ಕೊಟ್ಟು ಒಮ್ಮೆ ಪ್ರಯತ್ನಿಸಿದರು. ಅರ್ಧ ಅಡಿ ಎದ್ದು ಮತ್ತೆ ಕೂತರು. ಬಲಗೈಯಲ್ಲಿ ನಲ್ಲಿ ಹಿಡಿದು ಇನ್ನೊಮ್ಮೆ ಎಳೆದುಕೊಂಡರು. ಅವರಿಗಿಂತ ಮೊದಲು ನಲ್ಲಿಯೇ ಎದ್ದು ಕೈಗೆ ಬಂತು. ಗೋಡೆಯ ತೂತಿನಿಂದ ನೀರು ಚಿಮ್ಮಿ ನೇರವಾಗಿ ಮುಖಕ್ಕೆ ಹೊಡೆಯತೊಡಗಿತು.

"ಏನಾಯ್ತ್ರೀ ಒಳಗೆ? ನೀರಿನ ಸದ್ದು ಜೋರಾಗೈತೆ!" ಹೆಂಡತಿ ಲಕ್ಕಮ್ಮ ಹಿತ್ತಲಿನಿಂದ ಕೂಗಿದರು.

"ಏನಿಲ್ಲ ಕಣೇ. ಸ್ನಾನ ಮಾಡ್ತಾ ಇವ್ನಿ."

"ಅಲ್ಲೇನಾ? ಬಟ್ಟೆ ಸಮೇತಾನಾ?"

ಕೊನೆಗೆ ಅಗುಳಿ ತೆಗೆದದ್ದು ಅವರು, ಕೈಹಿಡಿದು ಎಳೆದದ್ದು ಲಕ್ಕಮ್ಮ. ನೆನೆದ ಕೋಳಿಯ ಹಾಗೆ ಹೊರಬಂದ ಗಂಡನನ್ನು ನೋಡಿ ಆಕೆಗೆ ನಗುವೂ ಬಂತು, ಅಳುವೂ ಬಂತು. ಚಿಕ್ಕಹನುಮಯ್ಯನವರು ಮಾತ್ರ ಮೊದಲು ಕಾಂಪೌಂಡಿನ ಆಚೆ ಯಾರಾದರೂ ನೋಡಿದರೇ ಎಂದು ಇಣುಕಿದರು. ಯಾರೂ ಇರಲಿಲ್ಲ.

ಐವತ್ತೇಳು ವರ್ಷದ ಮನುಷ್ಯನಿಗೆ ಮಂಡಿ ಸವೆದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಅವರ ಚರಿತ್ರೆ ಗೊತ್ತಿಲ್ಲದವರು ಹಾಗೆ ಕೇಳುತ್ತಾರೆ. ಏಳು ವರ್ಷದ ಹಿಂದೆ ಮನೆಮನೆಗೂ ಶೌಚಾಲಯ ಕಟ್ಟಿಸುವ ಆಂದೋಲನ ನಡೆದಾಗ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಕೆರೆ ಏರಿಯ ಹಿಂದೆ ಅಡಗಿ ಕೂತು, ಚೊಂಬು ಹಿಡಿದು ಬಂದವರನ್ನೆಲ್ಲ ಊದಿ ಊದಿ ಓಡಿಸಿದವರು ಇವರೇ. ಇನ್ನೂರ ಹನ್ನೆರಡು ಮನೆಗಳಿಗೂ ಪ್ಯಾನು ಕೂರಿಸಿದ ಮೇಲೆಯೇ ಅವರು ಸೀಟಿ ಕೆಳಗಿಟ್ಟದ್ದು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಹೆಸರು ಉಳಿಯುತ್ತಿತ್ತು. ಆದರೆ ಅವರಿಗೆ ಭಾಷಣದ ರುಚಿ ಹತ್ತಿಬಿಟ್ಟಿತ್ತು. ಪ್ರತಿ ಗ್ರಾಮಸಭೆಯಲ್ಲೂ ಎದ್ದು ನಿಂತು, "ದಿನಾ ಪ್ಯಾನಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಏಳೋನಿಗೆ ಮಂಡಿನೋವು ಬರಲ್ಲ. ಬಂತು ಅಂದ್ರೆ ಅವನು ಸೋಮಾರಿ ಅಂತ ಅರ್ಥ" ಎನ್ನುತ್ತಿದ್ದರು. ಒಮ್ಮೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನರಸಿಂಹರಾಜು, "ನನಗೆ ಮಂಡಿ ಬಗ್ಗಲ್ಲ, ಕಮೋಡ್ ಹಾಕಿಸ್ಕೊಳೋಕೆ ಪಂಚಾಯ್ತಿಯಿಂದ ಏನಾದ್ರೂ ಸಹಾಯ ಸಿಗ್ತದಾ?" ಎಂದು ಮೆಲ್ಲಗೆ ಕೇಳಿದ್ದಕ್ಕೆ, "ಕುರ್ಚಿ ಮೇಲೆ ಕೂತು ಮಾಡೋಕೆ ಅದೇನು ತಾಲ್ಲೂಕು ಆಫೀಸಾ ಮೇಷ್ಟ್ರೇ?" ಎಂದಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತ್ತು. ಮೇಷ್ಟ್ರು ಕೆಂಪಗಾಗಿ ಕೂತುಬಿಟ್ಟಿದ್ದರು.

ಅಂಥವರ ಮಂಡಿಯೇ ಈಗ ಕೈಕೊಟ್ಟಿತ್ತು. ಎರಡು ತಿಂಗಳ ಹಿಂದೆ ಪಿಂಚಣಿ ಕಾಗದದ ಕೆಲಸವೆಂದು ಊರಿಗೆಲ್ಲ ಹೇಳಿ, ಕಳ್ಳನ ಹಾಗೆ ಕೊರಟಗೆರೆಯ ಫಿಸಿಯೋಥೆರಪಿ ಕೇಂದ್ರಕ್ಕೆ ಹೋಗಿ ಬಂದಿದ್ದರು. ಅಲ್ಲಿನ ಡಾಕ್ಟರಮ್ಮ ಸಂಘಮಿತ್ರಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಕೀಲು ಸವೆಯೋಕೆ ಶುರುವಾಗಿದೆ ಸಾರ್. ಆದ್ರೆ ಆಪರೇಷನ್‌ಗೆ ಓಡೋ ಹಂತ ಅಲ್ಲ, ಮಾತ್ರೆ ನುಂಗ್ತಾ ಕೂರೋದೂ ಬೇಡ. ನಾನು ಹೇಳಿದಷ್ಟು ಮಾಡಿ, ಸಾಕು" ಎಂದು ಒಂದು ಹಾಳೆಯ ತುಂಬ ಬರೆದುಕೊಟ್ಟಿದ್ದಳು. ಆರು ಕೇಜಿ ಇಳಿಸಬೇಕು. ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು ಹತ್ತು ಎಣಿಸುವವರೆಗೆ ತೊಡೆ ಬಿಗಿಹಿಡಿದು ಒತ್ತಬೇಕು. ಸಂಜೆ ಬಿಸಿಬಟ್ಟೆಯ ಶಾಖ ಕೊಡಬೇಕು. ಎಡಮಂಡಿ ಹೆಚ್ಚು ನೋಯುವುದರಿಂದ ಬಲಗೈಯಲ್ಲಿ ಊರುಗೋಲು ಹಿಡಿಯಬೇಕು. ನೆಲದ ಮೇಲೆ ಕೂರಬಾರದು, ಕುಕ್ಕರುಗಾಲಲ್ಲಂತೂ ಕೂರಲೇಬಾರದು. ಅದಕ್ಕೆ ಪ್ಯಾನಿನ ಮೇಲೆ ಇಟ್ಟುಕೊಳ್ಳುವ ಕಮೋಡ್ ಕುರ್ಚಿ ತರಬೇಕು.

ಎಲ್ಲವನ್ನೂ ಅವರು ಶ್ರದ್ಧೆಯಿಂದ, ಆದರೆ ಬಾಗಿಲು ಹಾಕಿಕೊಂಡು ಮಾಡಿದರು. ಪಕ್ಕದಲ್ಲಿ ಕೂತು ಹತ್ತು ಎಣಿಸುವುದು ಲಕ್ಕಮ್ಮನ ಕೆಲಸವಾಯಿತು. ಮುದ್ದೆ ಎರಡರಿಂದ ಒಂದಕ್ಕೆ ಇಳಿಯಿತು. ತೂಕವೂ ಎರಡು ಕೇಜಿ ಇಳಿಯಿತು. ಮೆಟ್ಟಿಲು ಹತ್ತುವುದು ಸ್ವಲ್ಪ ಸಲೀಸಾಯಿತು. ಊರುಗೋಲು ಹಿಡಿದರೆ ಜನ ಏನಂದಾರು ಎಂದು ಅದರ ಬದಲು ಉದ್ದನೆಯ ಛತ್ರಿ ಊರಿಕೊಂಡು ಓಡಾಡತೊಡಗಿದರು. "ಮಳೆ ಎಲ್ಲೈತಣ್ಣ?" ಎಂದು ಯಾರಾದರೂ ಕೇಳಿದರೆ "ಬಿಸಿಲಿಗೆ ಕಣ್ಲಾ" ಎನ್ನುತ್ತಿದ್ದರು. ಬಿಸಿಲಿನಲ್ಲಿ ಅದನ್ನು ಅವರು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಹಾಳೆಯ ಕೊನೆಯ ಸಾಲೊಂದನ್ನು ಮಾತ್ರ ಎರಡು ತಿಂಗಳಿಂದ ನೋಡಿಯೂ ನೋಡದಂತೆ ಇದ್ದರು.

"ಇವತ್ತು ಆ ಕುರ್ಚಿ ತರದೆ ಮನೆ ಒಳಕ್ಕೆ ಬರ್‍ಬ್ಯಾಡಿ" ಎಂದರು ಲಕ್ಕಮ್ಮ, ಗಂಡನ ತಲೆ ಒರೆಸುತ್ತ.

"ಇವತ್ತು ತಾಲ್ಲೂಕಿನಿಂದ ಮೇಡಂ ಬರ್ತಾರೆ ಕಣೇ."

"ಅವ್ರು ಬರೋದು ಮೂರು ಗಂಟೆಗೆ. ಹನ್ನೆರಡರ ಬಸ್ಸಿಗೆ ಬಂದ್ಬುಡಿ. ಊಟದ ಹೊತ್ತು, ಬೀದೀಲಿ ಒಂದು ನರಪಿಳ್ಳೆನೂ ಇರಲ್ಲ. ತಗಳಿ ಈ ಬೆಡ್‌ಶೀಟು, ಸುತ್ಕೊಂಡು ಬನ್ನಿ."

ಹೀಗೆ ಚಿಕ್ಕಹನುಮಯ್ಯನವರು ಹೂವಿನ ಬೆಡ್‌ಶೀಟು ಕಂಕುಳಲ್ಲಿ, ಛತ್ರಿ ಬಲಗೈಯಲ್ಲಿ ಹಿಡಿದು ಕೊರಟಗೆರೆಯಲ್ಲಿ ಇಳಿದರು. ಬಸ್‌ಸ್ಟ್ಯಾಂಡಿನ ಎದುರಿಗೇ ತಿಪ್ಪೇಶನ ಸರ್ಜಿಕಲ್ ಅಂಗಡಿ. ಒಳಗೆ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವ ತನಕ ಕಾಲ ಕಳೆಯಬೇಕಲ್ಲ ಎಂದು ಒಂದು ಹತ್ತಿ ಕಟ್ಟು, ಒಂದು ಥರ್ಮಾಮೀಟರು, ಒಂದು ಗಾಯದ ಪಟ್ಟಿ ಕೊಂಡರು.

"ಇನ್ನೇನ್ ಕೊಡ್ಲಿ ಸಾರ್?" ಎಂದ ತಿಪ್ಪೇಶ.

ಚಿಕ್ಕಹನುಮಯ್ಯನವರು ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದರು. "ಒಂದು ಕುರ್ಚಿ."

"ಯಾವ ಕುರ್ಚಿ? ಗಾಲಿದಾ?"

"ಅಲ್ಲ ಕಣಪ್ಪ. ನಡುವೆ ತೂತಿರೋದು."

"ಓ, ಕಮೋಡ್ ಚೇರಾ!" ಎಂದು ತಿಪ್ಪೇಶ ಕೂಗಿದ್ದು ಪಾವಗಡದ ಬಸ್ಸಿನ ಹಿಂದಿನ ಸೀಟಿನವರಿಗೂ ಕೇಳಿಸಿತು. ಕೂಗಿದ್ದಲ್ಲದೆ ಅಟ್ಟದಿಂದ ಅದನ್ನು ಇಳಿಸಿ ತಂದು, ಒಳಗೆ ಜಾಗವಿಲ್ಲವೆಂದು ಅಂಗಡಿಯ ಮುಂದೆ ಫುಟ್‌ಪಾತಿನ ಮೇಲೇ ಇಟ್ಟ. "ಯಾರಿಗೆ ಸಾರ್?"

"ನಮ್ಮ ದೂರದ ನೆಂಟರೊಬ್ರಿಗೆ."

"ಎತ್ತರ ಎಷ್ಟವ್ರೆ?"

"ನನ್ನಷ್ಟೇ."

"ತೂಕ?"

"ಅದೂ ನನ್ನಷ್ಟೇ."

"ಹಂಗಾದ್ರೆ ನೀವೇ ಕೂತ್ಕೊಳಿ, ಕಾಲಿನ ಉದ್ದ ಸರಿ ಮಾಡ್ಬುಡ್ತೀನಿ. ಅಳತೆ ನೋಡದೆ ತಗೊಂಡೋಗ್ಬೇಡಿ."

ಕೊರಟಗೆರೆ ಬಸ್‌ಸ್ಟ್ಯಾಂಡಿನ ಸಮಸ್ತ ಪ್ರಯಾಣಿಕರ ಎದುರು, ಹಗಲು ಹನ್ನೊಂದು ಗಂಟೆಯಲ್ಲಿ, ಚಿಕ್ಕಹನುಮಯ್ಯನವರು ಕಮೋಡ್ ಕುರ್ಚಿಯ ಮೇಲೆ ಕೂತರು. ಕಿವಿ ಬಿಸಿಯಾದವು. ಹುಣಸೆ ಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳು ತಕ್ಕಡಿ ಕೆಳಗಿಟ್ಟು ನೋಡಿದಳು. ತಿಪ್ಪೇಶ ಕಾಲಿನ ಗುಂಡಿ ಒತ್ತಿ ಎತ್ತರ ಹೊಂದಿಸಿ, "ಈಗ ಎದ್ದೇಳಿ" ಎಂದ. ಅವರು ಎರಡೂ ಕೈ ಕುರ್ಚಿಯ ಕೈಗಳಿಗೆ ಕೊಟ್ಟು ಎದ್ದರು. ಎದ್ದೇಬಿಟ್ಟರು! ನೋವಿಲ್ಲ, ಗೋಡೆ ಬೇಡ, ಲಕ್ಕಮ್ಮ ಬೇಡ. ಎರಡು ತಿಂಗಳಲ್ಲಿ ಇಷ್ಟು ಸುಲಭವಾಗಿ ಅವರು ಎಲ್ಲಿಂದಲೂ ಎದ್ದಿರಲಿಲ್ಲ. ಇನ್ನು ಮೇಲೆ ಬೆಳಗಾದರೆ ಹೆದರಬೇಕಾಗಿಲ್ಲ ಎಂದುಕೊಂಡಾಗ ಆ ನಾಚಿಕೆಯ ನಡುವೆಯೂ ಅವರ ಕಣ್ಣು ಮಂಜಾಯಿತು. ಮುಚ್ಚಳ ಮುಚ್ಚಿ, ಬೆಡ್‌ಶೀಟು ಸುತ್ತಿ, ದಾರದಿಂದ ನಾಲ್ಕು ಕಡೆ ಬಿಗಿದು ಹನ್ನೆರಡರ ಖಾಸಗಿ ಬಸ್ಸು ಹತ್ತಿದರು.

ಬಸ್ಸು ಕಿಕ್ಕಿರಿದಿತ್ತು. ಸಾಲದ್ದಕ್ಕೆ ಹೊಸಪಾಳ್ಯದವರೇ ಇಬ್ಬರಿದ್ದರು. ಒಬ್ಬ ಪಂಚಾಯ್ತಿಯ ವಾಟರ್‌ಮ್ಯಾನ್ ಓಬಳಯ್ಯ. ಇನ್ನೊಬ್ಬಳು ದಾಸಮ್ಮ, ಎಪ್ಪತ್ತರ ಮೇಲಿನ ಮುದುಕಿ, ಒಬ್ಬಂಟಿ ಜೀವ, ಊರಿನ ಸುದ್ದಿಯೆಲ್ಲ ಅವಳ ಮಡಿಲಿನಲ್ಲೇ ಇರುತ್ತಿತ್ತು.

"ಏನ್ ಯಜಮಾನ್ರೇ ಅದು, ಇಷ್ಟು ಜಾಗ ತಿನ್ತಾ ಐತೆ?" ಎಂದ ಕಂಡಕ್ಟರ್.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನಿಜ ಹೇಳಲು ಬಾಯಿ ಬರಲಿಲ್ಲ. "ಕುರ್ಚಿ" ಎಂದರು ಚಿಕ್ಕಹನುಮಯ್ಯನವರು.

"ಯಾರಿಗಣ್ಣ?" ಓಬಳಯ್ಯ ಕೇಳಿದ.

"ಪಂಚಾಯ್ತಿಗೆ ಕಣ್ಲಾ. ಮೇಡಂ ಬರ್ತಾರಲ್ಲ ಇವತ್ತು, ಅವ್ರು ಕೂರೋಕೆ."

"ಭಲೇ ಅಣ್ಣ! ಒಳ್ಳೇ ಕೆಲ್ಸ ಮಾಡ್ಬುಟ್ರಿ! ಹೋದ್ಸಲ ಇಂಜಿನಿಯರ್ ಸಾಹೇಬ್ರು ಪ್ಲಾಸ್ಟಿಕ್ ಕುರ್ಚಿ ಕಾಲು ಮುರ್ದು ಹೆಂಗೆ ಬಿದ್ರು! ಅಂತಾ ಮಾನ ಹೋಗೋ ಕೆಲ್ಸ ಇನ್ನಾಗಬಾರ್ದು."

ದಾಸಮ್ಮನಿಗೆ ಸೀಟು ಸಿಕ್ಕಿರಲಿಲ್ಲ. "ಮೇಡಮ್ಮೋರು ಕೂರೋಕ್ ಮುಂಚೆ ನಾನೊಂದ್ ಗಳಿಗೆ ಕೂತ್ರೆ ಸವದೋಗ್ತದಾ?" ಎನ್ನುತ್ತ ಅವಳು ನಡುದಾರಿಯಲ್ಲಿದ್ದ ಆ ಗಂಟಿನ ಮೇಲೆ ಕೂತೇಬಿಟ್ಟಳು. ಬೆಡ್‌ಶೀಟಿನ ಮೇಲಿಂದಲೇ ಎರಡೂ ಕೈಯಿಂದ ಕುರ್ಚಿಯ ಕೈಗಳನ್ನು ಸವರಿದಳು. ಆಮೇಲೆ ಚಿಕ್ಕಹನುಮಯ್ಯನವರ ಮುಖವನ್ನು ಬಹಳ ಹೊತ್ತು ನೋಡಿದಳು.

"ಒಳ್ಳೇ ಕುರ್ಚಿ ಕಣಪ್ಪ ಅನುಮಯ್ಯ. ಮಂಡಿಗೆ ಹಿತವಾಗೈತೆ" ಎಂದಳು.

ಚಿಕ್ಕಹನುಮಯ್ಯನವರು ಕಿಟಕಿಯ ಆಚೆ ಹುಣಸೆ ಮರಗಳನ್ನು ಎಣಿಸತೊಡಗಿದರು. ಮುದುಕಿಗೆ ವಾಸನೆ ಬಡಿದುಬಿಟ್ಟಿತೇ? ಇವಳಿಗೆ ತಿಳಿದರೆ ಸಂಜೆಯೊಳಗೆ ಊರಿಗೇ ತಿಳಿಯುತ್ತದೆ. ಹೊಸಪಾಳ್ಯ ಬರುವ ತನಕ ಅವರು ತಲೆಯನ್ನು ಒಳಕ್ಕೆ ತಿರುಗಿಸಲಿಲ್ಲ.

ಊರು ಬಂತು. ಅವರು ಇನ್ನೂ ಛತ್ರಿ ಊರಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾಗಲೇ ಓಬಳಯ್ಯ ಹಿಂದಿನ ಬಾಗಿಲಿನಿಂದ ಇಳಿದು ಕುರ್ಚಿಯನ್ನು ತಲೆಯ ಮೇಲೆ ಹೊತ್ತಾಗಿತ್ತು.

"ಲೇ ಓಬಳಯ್ಯ! ಮನೆಗೆ ಕಣ್ಲಾ, ನಮ್ಮನೆಗೆ!"

"ಮನೆಗ್ಯಾಕಣ್ಣ ಸುತ್ತು? ನೇರವಾಗಿ ಆಫೀಸಿಗೇ ಹಾಕ್ಬುಡ್ತೀನಿ, ನೀವು ನಿಧಾನಕ್ಕೆ ಬನ್ನಿ!"

ಓಡಿ ಹಿಡಿಯೋಣವೆಂದರೆ ಮಂಡಿ ಬಿಡದು. ಕುಂಟುತ್ತ ಹೋದರೆ ಜಗಲಿಯವರು ನೋಡುತ್ತಾರೆ. ಕುಂಟದಂತೆ, ಹಲ್ಲು ಕಚ್ಚಿಕೊಂಡು, ಮದುವೆಗೆ ಹೊರಟವರ ಹಾಗೆ ಗಂಭೀರವಾಗಿ ಅವರು ಪಂಚಾಯ್ತಿ ಆಫೀಸು ತಲುಪುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು. ಒಳಗೆ ಅಧ್ಯಕ್ಷೆ ಲೋಹಿತಾ ವೇದಿಕೆಯ ನಡುಮಧ್ಯೆ ಕುರ್ಚಿ ಇರಿಸಿ ದಾರದ ಗಂಟಿಗೆ ಕೈಹಾಕಿದ್ದಳು.

"ಬಿಚ್ಚಬ್ಯಾಡಿ!" ಚಿಕ್ಕಹನುಮಯ್ಯನವರು ಬಾಗಿಲಿನಿಂದಲೇ ಅರಚಿದರು.

"ಯಾಕಣ್ಣ?"

ನಿಜ ಹೇಳುವ ಹಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದರು. "ಹೊಸಾ ಕುರ್ಚಿ ಅಲ್ವೇನಮ್ಮ. ಮೇಡಂ ಕೈಯಿಂದ್ಲೇ ಬಿಚ್ಚಿಸಿದ್ರೆ ಚೆನ್ನಾಗಿರ್ತದೆ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹೊತ್ತುಕೊಂಡು ಪರಾರಿಯಾಗುವುದು ಅವರ ಲೆಕ್ಕಾಚಾರ. ಆದರೆ ಲೋಹಿತಾ ಅಧ್ಯಕ್ಷೆಯಾಗಿ ಆರೇ ತಿಂಗಳಾಗಿತ್ತು. ಉದ್ಘಾಟನೆ ಎಂದರೆ ಅವಳಿಗೆ ಪ್ರಾಣ. "ಎಂಥಾ ಐಡಿಯಾ ಅನುಮಣ್ಣ!" ಎಂದು ಕುಣಿದಾಡಿ, ಬೆಡ್‌ಶೀಟಿನ ಮೇಲೆ ಕೆಂಪು ರಿಬ್ಬನ್ ಕಟ್ಟಿಸಿದಳು. ಒಂದು ಸೇವಂತಿಗೆ ಹಾರವನ್ನೂ ಇಳಿಬಿಟ್ಟಳು. ಊಟದ ಹೊತ್ತಿಗೆ ಚಿಕ್ಕಹನುಮಯ್ಯನವರು ಬಂದು ನೋಡಿದರೆ ಓಬಳಯ್ಯ ಕುರ್ಚಿಯ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದ್ದ.

"ಹೋಗ್ಲಾ, ಟ್ಯಾಂಕಿಗೆ ನೀರು ಬುಡೋಗು."

"ಆಗಕ್ಕಿಲ್ಲ ಅಣ್ಣ. ಕುರ್ಚಿ ಬುಟ್ಟು ಅಲ್ಲಾಡಬ್ಯಾಡ ಅಂತ ಅಧ್ಯಕ್ಷರು ಹೇಳವ್ರೆ."

ಮೂರು ಗಂಟೆಗೆ ಸರಿಯಾಗಿ ಜೀಪು ಬಂತು. ತಾಲ್ಲೂಕು ಪಂಚಾಯ್ತಿಯ ಅಧಿಕಾರಿ ಗಂಗಾಂಬಿಕಾ ಮೇಡಂ ಇಳಿದು, ಮಧುಗಿರಿ ಕಡೆಯ ಇನ್ನೊಂದು ಊರಿಗೆ ಐದಕ್ಕೆ ಹೋಗಬೇಕೆಂದು ಅವಸರಪಡಿಸಿದರು. ಸಭಾಂಗಣದಲ್ಲಿ ನೂರು ಜನ ಸೇರಿದ್ದರು. ಲಕ್ಕಮ್ಮ ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ತಮ್ಮ ಬೆಡ್‌ಶೀಟು ವೇದಿಕೆಯ ಮೇಲೆ ಹಾರ ಹಾಕಿಕೊಂಡು ನಿಂತದ್ದನ್ನು ಕಂಡ ಕೂಡಲೇ ಆಕೆ ಬಾಯಿಗೆ ಸೆರಗು ಒತ್ತಿಕೊಂಡರು.

"ನಮ್ಮ ಚಿಕ್ಕಹನುಮಣ್ಣೋರು ಸ್ವಂತ ದುಡ್ಡಲ್ಲಿ ಪಂಚಾಯ್ತಿಗೆ ತಂದಿರೋ ಕಾಣಿಕೆನ ಮೇಡಂ ಅವರು ಈಗ ಲೋಕಾರ್ಪಣೆ ಮಾಡ್ತಾರೆ" ಎಂದು ಲೋಹಿತಾ ಮೈಕಿನಲ್ಲಿ ಸಾರಿದಳು. ಚಪ್ಪಾಳೆ ಬಿತ್ತು. ಮೇಡಂ ರಿಬ್ಬನ್ ಕತ್ತರಿಸಿ, ದಾರ ಬಿಚ್ಚಿ, ಬೆಡ್‌ಶೀಟು ಎಳೆದರು. ಎಳೆದ ರಭಸಕ್ಕೆ ಮುಚ್ಚಳವೂ ಹಿಂದಕ್ಕೆ ಬಿದ್ದು, ನಡುವಿನ ದುಂಡನೆಯ ತೂತು ಹೊಸಪಾಳ್ಯದ ಮಹಾಜನತೆಗೆ ದರ್ಶನ ಕೊಟ್ಟಿತು.

ಚಪ್ಪಾಳೆ ನಿಂತಿತು. ನೂರು ಜನರಲ್ಲಿ ಒಬ್ಬರೂ ನಗಲಿಲ್ಲ. ಹಿರಿಯರೆಲ್ಲ ತಲೆ ತಗ್ಗಿಸಿಬಿಟ್ಟರು. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿಬಿಡಬಾರದೇ ಎಂದು ಚಿಕ್ಕಹನುಮಯ್ಯನವರು ತಮ್ಮ ಹೆಬ್ಬೆರಳನ್ನೇ ನೋಡುತ್ತ ನಿಂತರು.

"ಚಿಕ್ಕಹನುಮಯ್ಯನವರೇ!" ಎಂದರು ಮೇಡಂ. ದನಿಯಲ್ಲಿ ಕೋಪವಿರಲಿಲ್ಲ, ಸಂತೋಷವಿತ್ತು. "ನಾನು ಯಾತಕ್ಕೆ ಬರ್ತಿದೀನಿ ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಯ್ತು? ನೋಡಿ, ಮಂಡಿ ಸವೆದವರು ಕುಕ್ಕರುಗಾಲಲ್ಲಿ ಕೂರಬಾರದು. ಅದಕ್ಕೇ ಹಿರಿಯರಿಗೆ ಇಂಥದೇ ಕುರ್ಚಿ ಉಚಿತವಾಗಿ ಕೊಡೋ ಯೋಜನೆ ಬಂದಿದೆ. ನಿಮ್ಮ ಊರಿಗೆ ಇಪ್ಪತ್ತು ಇಟ್ಟಿದೀವಿ. ಪಟ್ಟಿ ಇವತ್ತೇ ಬೇಕು. ನಾನು ಬಾಯಲ್ಲಿ ವಿವರಿಸಬೇಕು ಅಂತಿದ್ದೆ, ನೀವು ಸ್ಯಾಂಪಲ್ಲೇ ತಂದು ಇಟ್ಟಿದೀರಿ!"

ಮೇಡಂ ಫಾರಂ ತೆಗೆದು ಪೆನ್ನು ಹಿಡಿದರು. "ಪ್ರತಿ ಮನೆಯನ್ನೂ ಬಲ್ಲವರು ನೀವು. ಹೇಳಿ, ಕೂತು ಏಳೋಕೆ ಕಷ್ಟ ಇರೋರು ಈ ಊರಲ್ಲಿ ಎಷ್ಟು ಜನ?"

ಒಂದು ಎನ್ನಬಹುದಿತ್ತು. ಎಂಬತ್ತನಾ‌ಲ್ಕು ಕೇಜಿಯ, ಎರಡೂ ಮಂಡಿ ಸವೆದ ಒಬ್ಬ ಮನುಷ್ಯ ಇಲ್ಲೇ ನಿಂತಿದ್ದಾನೆ ಎಂದರೆ ಸಾಕಿತ್ತು. ಆ ಒಂದು ಮಾತು ಅವರ ನಾಲಿಗೆಯ ತುದಿಯವರೆಗೂ ಬಂತು. ಆಗ ಎದುರಿಗೆ ನರಸಿಂಹರಾಜು ಮೇಷ್ಟ್ರು ಕಂಡರು. ತಾಲ್ಲೂಕು ಆಫೀಸಿನ ಮಾತು ನೆನಪಾಯಿತು. ಇಡೀ ಸಭೆ ಅಂದು ನಕ್ಕಂತೆ ಇಂದು ತಮ್ಮ ಮೇಲೆ ನಗುವ ಸದ್ದು ಕಿವಿಯಲ್ಲಿ ಕೇಳಿಸಿತು.

"ಸೊನ್ನೆ ಮೇಡಂ" ಎಂದರು.

"ಏನು? ಇನ್ನೂರ ಹನ್ನೆರಡು ಮನೆಯಲ್ಲಿ ಒಬ್ಬರೂ ಇಲ್ವೇ?"

"ಒಬ್ರೂ ಇಲ್ಲ. ನಮ್ಮ ಜನ ಎಲ್ಲ ಗಟ್ಟಿ ಮೇಡಂ. ಪ್ಯಾನಿನ ಮೇಲೆ ಕೂತು ಕೂತು ಮಂಡಿ ಕಬ್ಬಿಣ ಆಗೈತೆ."

"ಯಾರಾದರೂ ಇದ್ದರೆ ಕೈ ಎತ್ತಿ, ಸಂಕೋಚ ಬೇಡ" ಎಂದು ಮೇಡಂ ಸಭೆಯ ಕಡೆ ತಿರುಗಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಬಿಲ್ ಕಲೆಕ್ಟರರ ಮುಖ ನೋಡಿದರು. ಕಂಬದ ಹತ್ತಿರ ಲಕ್ಕಮ್ಮನ ಕೈ ಮಾತ್ರ ಮೆಲ್ಲಗೆ ಕಿವಿಯ ಎತ್ತರಕ್ಕೆ ಏರಿತು. ತಮ್ಮ ಗುಟ್ಟು ಬಯಲಾಯಿತೆಂದು ಬೆದರಿದ ಚಿಕ್ಕಹನುಮಯ್ಯನವರು ಕಣ್ಣು ಕೆಂಪಗೆ ಮಾಡಿ ದುರುಗುಟ್ಟಿದರು. ಆ ಕೈ ಅಲ್ಲಿಂದಲೇ ತಿರುಗಿ ಸೆರಗು ಸರಿಮಾಡಿಕೊಂಡಿತು.

"ಅದ್ಭುತ!" ಎಂದರು ಮೇಡಂ. ಫಾರಮ್ಮಿನ ಮೇಲೆ ದೊಡ್ಡದೊಂದು ಸೊನ್ನೆ ಸುತ್ತಿದರು. "ಬಯಲು ಶೌಚ ಮುಕ್ತ ಗ್ರಾಮ ಕೇಳಿದ್ದೆ. ಮಂಡಿನೋವು ಮುಕ್ತ ಗ್ರಾಮ ಇದೇ ಮೊದಲು!" ಇಂಜಿನಿಯರಿಗೆಂದು ತಂದು ಉಳಿದುಹೋಗಿದ್ದ ಶಾಲು ಚಿಕ್ಕಹನುಮಯ್ಯನವರ ಹೆಗಲೇರಿತು. "ಒಂದು ಫೋಟೋ ಬೇಕು. ಎಲ್ಲಿ, ಪ್ಯಾನಿನ ಮೇಲೆ ಕೂರೋ ಹಾಗೆ ಒಮ್ಮೆ ಕೂತು ತೋರಿಸಿ. ಬೇರೆ ಪಂಚಾಯ್ತಿಗಳಿಗೂ ಕಳಿಸ್ತೀನಿ."

ಶಾಲು ಹೊದ್ದ ಚಿಕ್ಕಹನುಮಯ್ಯನವರು ವೇದಿಕೆಯ ಮೇಲೆ ಕುಕ್ಕರುಗಾಲಲ್ಲಿ ಕೂತರು. ಕೂರುವುದು ಯಾವತ್ತೂ ಅವರ ಸಮಸ್ಯೆಯಾಗಿರಲಿಲ್ಲ. ಫೋಟೋ ಆಯಿತು. "ಏಳಿ" ಎಂದರು ಮೇಡಂ. ಅವರು ಏಳಲಿಲ್ಲ. ಹಾರದಿಂದ ಉದುರಿದ್ದ ಸೇವಂತಿಗೆ ಎಸಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ವೇದಿಕೆ ಚೊಕ್ಕಟವಾಗಿರಬೇಕಲ್ಲ ಎಂಬಂತೆ ನಕ್ಕರು. ಲೋಹಿತಾ ವಂದನಾರ್ಪಣೆ ಮುಗಿಸಿದಳು. ಇವರು ಇನ್ನೂ ಎಸಳು ಹೆಕ್ಕುತ್ತಲೇ ಇದ್ದರು.

ಆಗ ಲೋಹಿತಾಗೆ ಮರೆತದ್ದೊಂದು ನೆನಪಾಯಿತು. "ಹೋದ ವಾರ ತೀರಿಕೊಂಡ ನಮ್ಮ ಮಾಜಿ ಸದಸ್ಯರ ಗೌರವಾರ್ಥ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು."

ನೂರು ಜನ ಎದ್ದು ನಿಂತರು. ಸತ್ತವರಿಗೆ ಮರ್ಯಾದೆ ಕೊಡಲು ಏಳದವನನ್ನು ಊರು ಕ್ಷಮಿಸುವುದಿಲ್ಲ. ಚಿಕ್ಕಹನುಮಯ್ಯನವರು ಸುತ್ತ ನೋಡಿದರು. ಕೈಗೆ ಎಟಕುವಂತೆ ಇದ್ದದ್ದು ಒಂದೇ, ಆ ಕುರ್ಚಿ. ಬೇರೆ ದಾರಿ ಕಾಣದೆ ಅದರ ಒಂದು ಕೈಯನ್ನು ಹಿಡಿದರು, ಇನ್ನೊಂದು ಕೈಯನ್ನೂ ಹಿಡಿದರು, ಅಪ್ಪಿಕೊಂಡಂತೆ ಮೇಲೆ ಎಳೆದುಕೊಂಡರು. ಸೂಜಿ ಬಿದ್ದರೂ ಕೇಳುವ ಆ ಮೌನದಲ್ಲಿ ಎಡಮಂಡಿ "ಕಟಕ್" ಎಂದಿತು. ಸ್ವಲ್ಪ ತಡೆದು ಬಲಮಂಡಿಯೂ "ಕಟಕ್" ಎಂದಿತು. ಕಣ್ಣು ಮುಚ್ಚಿ ನಿಂತಿದ್ದ ಮೇಡಂ ಒಬ್ಬರನ್ನು ಬಿಟ್ಟು ಇಡೀ ಊರು ಕಣ್ಣು ತೆರೆದು ನೋಡುತ್ತಿತ್ತು.

"ಈ ಕುರ್ಚಿ ಇಲ್ಲಿ ಯಾರಿಗೂ ಬೇಡವಲ್ಲ. ಈಗ ಹೋಗ್ತಿರೋ ಊರಲ್ಲಿ ಒಬ್ಬ ಅಜ್ಜ ಒಂದು ವರ್ಷದಿಂದ ಕೇಳ್ತಿದಾರೆ, ಅವರಿಗೆ ಕೊಟ್ಟುಬಿಡ್ತೀನಿ. ದಾನ ಅಂದರೆ ಹೀಗಿರಬೇಕು" ಎಂದು ಮೇಡಂ ಹೊರಟರು. ಓಬಳಯ್ಯ ಉತ್ಸಾಹದಿಂದ ಅದನ್ನು ಜೀಪಿಗೆ ಏರಿಸಿದ. ಗೀರು ಬೀಳದಿರಲೆಂದು ಲಕ್ಕಮ್ಮನ ಬೆಡ್‌ಶೀಟನ್ನೂ ಮತ್ತೆ ಸುತ್ತಿ ಕಳಿಸಿದ. ಚಿಕ್ಕಹನುಮಯ್ಯನವರು ಶಾಲು ಹೊದ್ದು, ಕೈ ಮುಗಿದು, ಜೀಪಿನ ಧೂಳು ಮಾಯವಾಗುವ ತನಕ ನಿಂತರು.

ಇನ್ನು ನಗುತ್ತಾರೆ ಎಂದು ತಿರುಗಿದರು. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ, ಅವರನ್ನು ನೋಡದೆ, ಮಾತಾಡಿಸದೆ ಮನೆಗೆ ಹೋದರು. ದಾಸಮ್ಮ ಬಾಗಿಲಲ್ಲಿ ಒಂದು ಕ್ಷಣ ನಿಂತು, "ಇಪ್ಪತ್ತು ಕುರ್ಚಿ ಕಣೋ ಅನುಮಯ್ಯ" ಎಂದಷ್ಟೇ ಅಂದು ಹೊರಟಳು.

ಅವರು ಆಫೀಸಿನ ಹಿಂದೆ ನಿಂತು ತಿಪ್ಪೇಶನಿಗೆ ಫೋನು ಮಾಡಿದರು. ನಾಳೆಯೇ ಇನ್ನೊಂದು ಬೇಕು, ಹೇಗಾದರೂ ಸರಿ ಎಂದರು.

"ನಾಳೆ ಎಲ್ಲಿಂದ ತರ್ಲಿ ಸಾರ್? ನಿಮ್ಗೆ ಕೊಟ್ಟಿದ್ದೇ ಕೊನೇದು. ಯೋಜನೆಗೆ ಅಂತ ತಾಲ್ಲೂಕಿನೋರು ಇದ್ದಬದ್ದದ್ದೆಲ್ಲ ತಮಗೇ ಬೇಕು ಅಂತ ಹೇಳ್ಬುಟ್ಟವ್ರೆ, ತುಮಕೂರಲ್ಲೂ ಇಲ್ಲ. ಇನ್ನೆರಡು ತಿಂಗಳು ಕಾಯ್ಬೇಕು. ಅಲ್ಲಾ, ನಿಮ್ಮೂರಿಗೆ ಇಪ್ಪತ್ತು ಪುಗಸಟ್ಟೆ ಬರ್ತವಂತಲ್ಲ, ನೀವ್ಯಾಕ್ ಕೊಂಡ್ಕೊತೀರಿ?"

ಮನೆಗೆ ಬಂದಾಗ ಲಕ್ಕಮ್ಮ ಮಂಚದ ತುದಿಯಲ್ಲಿ ಕೂತು ತಮ್ಮ ಎರಡೂ ಮಂಡಿಗೆ ಬಿಸಿಬಟ್ಟೆ ಇಟ್ಟುಕೊಂಡಿದ್ದರು. ಗಂಡನನ್ನು ಕಂಡರೂ ತೆಗೆಯಲಿಲ್ಲ.

"ನಿನಗೂ ನೋವಾ?" ಎಂದರು ಚಿಕ್ಕಹನುಮಯ್ಯನವರು.

"ಮೂರು ವರ್ಸ ಆಯ್ತು."

"ಮತ್ತೆ ನಂಗೆ ಹೇಳ್ಲೇ ಇಲ್ಲ?"

"ಹೇಳೋದೇನು? ಮಂಡಿ ನೋವು ಅಂದೋರೆಲ್ಲ ಸೋಮಾರಿಗಳು ಅಂತ ಮೈಕಲ್ಲಿ ಕೂಗ್ತಿದ್ರಲ್ಲ. ಈ ಮನೇಲಿ ಮಂಡಿ ಇರೋದು ನಿಮ್ಮೊಬ್ರಿಗೇ ಅಂತ ತಿಳ್ಕೊಂಡಿದ್ರಾ? ನಾನ್ ಕೈ ಎತ್ತಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ."

ಚಿಕ್ಕಹನುಮಯ್ಯನವರು ಹೆಗಲ ಮೇಲಿನ ಶಾಲು ತೆಗೆದು ಮಂಚದ ಮೇಲಿಟ್ಟರು. "ಹಂಗಾದ್ರೆ ಇಷ್ಟು ದಿನ ಹೆಂಗೆ..."

"ಬೆಳಿಗ್ಗೆ ಎದ್ದು ಹಾಲು ತತ್ತೀನಿ ಅಂತ ದಾಸಮ್ಮನ ಮನೆಗೆ ಹೋಗ್ತೀನಲ್ಲ, ಯಾತಕ್ಕೆ ಅಂದ್ಕೊಂಡಿದ್ರಿ? ಮೂರು ವರ್ಸದ ಹಿಂದೆ ಅವಳ ಮಗಳು ಸಿರಾದಿಂದ ಇಂತಾದ್ದೇ ಕುರ್ಚಿ ತಂದುಕೊಟ್ಲು. ಊರಿಗೆಲ್ಲ ಅದೊಂದೇ. ಐದು ಗಂಟೆಗೆ ದಾಸಮ್ಮ. ಐದೂಕಾಲಿಗೆ ನಾನು. ಆಮೇಲೆ ಓಬಳಯ್ಯನ ಅಪ್ಪ, ನರಸಿಂಹರಾಜು ಮೇಷ್ಟ್ರು, ಅಧ್ಯಕ್ಷರ ಅತ್ತೆ... ಒಟ್ಟು ಹನ್ನೆರಡು ಜನ. ಒಬ್ರ ಗುಟ್ಟು ಇನ್ನೊಬ್ರು ಬಾಯ್ಬುಟ್ಟಿಲ್ಲ. ಯಾರ ಭಯಕ್ಕೆ ಗೊತ್ತಾ? ನಿಮ್ ಭಯಕ್ಕೆ. ಇವತ್ತು ನೀವು ಆ ಕುರ್ಚಿ ತಂದಿದ್ದು ನೋಡಿ, ಕೊನೆಗೂ ನಮ್ ಕಷ್ಟ ಇವನಿಗೆ ಅರ್ಥ ಆಯ್ತು ಅಂದ್ಕೊಂಡು ಎಲ್ರೂ ಕಾಯ್ತಾ ಕೂತಿದ್ರು. ನೀವು ಸೊನ್ನೆ ಅಂದ್ರಿ."

ಅಲ್ಲಿಯವರೆಗೆ ಚಿಕ್ಕಹನುಮಯ್ಯನವರು ತಮ್ಮ ಮಂಡಿಗಾಗಿ ನಾಚಿಕೆಪಟ್ಟಿದ್ದರು. ಈಗ ಆದ ನಾಚಿಕೆಯ ಮುಂದೆ ಅದೆಲ್ಲ ಏನೂ ಅಲ್ಲ ಎನಿಸಿತು. ಒಂದೇ ಮನೆಯಲ್ಲಿ, ಒಂದೇ ಮಂಚದ ಮೇಲೆ ತಮಗಾಗಿ ಹತ್ತು ಎಣಿಸುತ್ತ ಕೂತವಳ ಮಂಡಿಯನ್ನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಆಕೆಯ ಕೈಯಿಂದ ಬಟ್ಟೆ ತೆಗೆದುಕೊಂಡು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ತಾವೇ ಆಕೆಯ ಮಂಡಿಗಿಟ್ಟರು. ಲಕ್ಕಮ್ಮ ಬೇಡವೆನ್ನಲಿಲ್ಲ.

ಆರಿದ ಬಟ್ಟೆಯನ್ನು ಮತ್ತೊಮ್ಮೆ ಬಿಸಿನೀರಿಗೆ ಅದ್ದುತ್ತ ಅವರು ಕೇಳಿದರು. "ಲಕ್ಕಮ್ಮ, ನಾಳೆ ಬೆಳಿಗ್ಗೆ ನಾನೂ... ದಾಸಮ್ಮನ್ನ ಒಂದು ಮಾತು ಕೇಳ್ತೀಯಾ?"

"ಆಗಲೇ ಕೇಳ್ಕೊಂಡು ಬಂದೆ" ಎಂದರು ಲಕ್ಕಮ್ಮ. "ಉಳಿದ ಹನ್ನೊಂದು ಜನಾನೂ ಅಲ್ಲೇ ಕೂತಿದ್ರು. ಮೊದ್ಲು ಯಾರೂ ಒಪ್ಪಲಿಲ್ಲ. ಮೇಷ್ಟ್ರೇ ಪಾಪ, ಬರ್ಲಿ ಬುಡ್ರಿ ಅಂದ್ರು. ಆದ್ರೆ ನೀವು ಕೊನೆಯೋರು. ನಿಮ್ಮ ಸರದಿ ಬರೋದು ಎಂಟು ಗಂಟೆಗೆ."

ಚಿಕ್ಕಹನುಮಯ್ಯನವರು ತಲೆಯಾಡಿಸಿದರು. ಎಂಟು ಗಂಟೆಗೆ ಕೊರಟಗೆರೆಗೆ ಹೋಗುವ ಬಸ್ಸು ಬರುತ್ತದೆ. ಹೊಸಪಾಳ್ಯದ ಅರ್ಧ ಜನ ಅದನ್ನು ಕಾಯುತ್ತ ನಿಲ್ಲುವುದು ದಾಸಮ್ಮನ ಮನೆಯ ಬಾಗಿಲಲ್ಲೇ.